ಹನ್ನೊಂದು ದಿನದ ಗುಡ್ಲು

ಹತ್ತಿ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ, ದಾವಣಗೆರೆಯಿಂದ ಮೊದಲ ಬಸ್ಸಿಗೆ ಲೋಕಿಕೆರೆಗೆ ಬಂದಿಳಿದ ನಮ್ಮ ಸೋದರಮಾವ ಕಾಲು ತೊಳೆದವನೇ ಕುಡುಗೋಲು ಕೇಳಿದ. ಅವನ ತಲೆಗೂದಲಿಗೆ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಹಿಂದಿನ ಸಂಜೆಯೇ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದರು: “ಹುಡುಗಿ ದೊಡ್ಡೋಳಾಗ್ಯಾಳೆ, ಮಾವ ಬರಬೇಕಂತೆ.” ಹೊಲದ ಬದುವಿನಿಂದ ಅತ್ತಿ, ಮಾವು, ನೇರಳೆ ಟೊಂಗೆ ಕಡಿದು ತಂದು, ಕೊಟ್ಟಿಗೆಗೂ ಪಡಸಾಲೆಗೂ ನಡುವಿನ ಮೂಲೆಯಲ್ಲಿ ನಾಲ್ಕು ಗಳ ನಿಲ್ಲಿಸಿ, ಸೊಪ್ಪು ಹೊದಿಸಿ ಗುಡ್ಲು ಕಟ್ಟಿದ. 1974ರ ಬೇಸಿಗೆ. ನನಗೆ 13 ವರ್ಷ.

ಅದರ ಹಿಂದಿನ ಮಧ್ಯಾಹ್ನ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ನನ್ನ ಬಿಲ್ಲೆ ಮಂಗಳೂರು ಹೆಂಚಿನ ಚೂರು, ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿಕೊಂಡದ್ದು. ಐದನೇ ಮನೆಯಲ್ಲಿದ್ದಾಗ ಲಂಗದ ಹಿಂದಿನ ಕಲೆ ನೋಡಿ ಗೆಳತಿ ಕೂಗಿದಳು. ಮುಳ್ಳು ತರಚಿರಬೇಕು ಅಂದುಕೊಂಡೆ. ಹೊಟ್ಟೆಯೊಳಗೆ ಏನೋ ಒಡೆದಿದೆ, ಸಾಯುತ್ತೇನೆ ಎಂಬ ಭಯ ಆಮೇಲೆ ಬಂತು. ಅಜ್ಜಿ ಬಂದು, “ಅಳಬ್ಯಾಡ, ನೀನು ದೊಡ್ಡೋಳಾದಿ. ಇನ್ನ ಮ್ಯಾಲೆ ಬೀದ್ಯಾಗ ಕುಣಿಯಂಗಿಲ್ಲ” ಅಂದಳು. ಅಷ್ಟೇ. ಬಿಲ್ಲೆ ಬೀದಿಯಲ್ಲೇ ಉಳಿಯಿತು.

ಮೂವತ್ತಾರು ವರ್ಷ ಹೈಸ್ಕೂಲು ಹುಡುಗ ಹುಡುಗಿಯರಿಗೆ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ಈ ಗುಡ್ಲಿನ ಹಿಂದುಮುಂದನ್ನು ಬರೆದಿಡಬೇಕು ಅನ್ನಿಸಿದೆ. ನಮ್ಮೂರಲ್ಲಿ ಸೊಪ್ಪಿನ ಗುಡ್ಲನ್ನು ಕಂಡವರೇ ಈಗ ಕಡಿಮೆ. ಅದರೊಳಗೆ ಕೂತವರು ಇನ್ನೂ ಕಡಿಮೆ.

ಮೊದಲು ಮಾತುಗಳನ್ನು ನೋಡಬೇಕು. ಮೊದಲ ಸಲಕ್ಕೆ ನಮ್ಮ ಕಡೆ ಹೇಳುವುದು ನೆರೆಯುವುದು, ಮೈನೆರೆಯುವುದು, ದೊಡ್ಡವಳಾಗುವುದು. ನೆರೆ ಎಂದರೆ ತುಂಬುವುದು. ಮಳೆಗಾಲದಲ್ಲಿ ಹರಿಹರದ ಹತ್ತಿರ ತುಂಗಭದ್ರೆ ದಡ ಮೀರಿದಾಗ ಬರುವುದೂ ನೆರೆಯೇ. ಅದಕ್ಕೆ ಮಾಡುವ ಶಾಸ್ತ್ರದ ಹೆಸರು ಒಸಗೆ. ಶುಭ, ಸಂತಸದ ಸುದ್ದಿ ಎಂದು ಅದರ ಅರ್ಥ, ಡಿ.ವಿ.ಜಿ.ಯವರ ‘ಉಮರನ ಒಸಗೆ’ಯಲ್ಲಿರುವುದು ಇದೇ ಪದ. ಎರಡನೆಯ ತಿಂಗಳಿನಿಂದ ಮಾತು ಬದಲಾಗುತ್ತದೆ: ಹೊರಗಾದಳು, ಹೊರಗೆ ಕೂತಳು, ಮುಟ್ಟಾದಳು. ಅದೇ ಮೈ, ಅದೇ ರಕ್ತ. ಮೊದಲ ತಿಂಗಳು ತುಂಬಿದವಳು, ಮರುತಿಂಗಳು ಹೊರಗಿನವಳು. ನಮ್ಮ ಹಿರಿಯರ ಮನಸ್ಸು ಈ ವಿಷಯದಲ್ಲಿ ಎರಡಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗುಡ್ಲಿನಲ್ಲಿ ನನಗೆ ಕೊಟ್ಟದ್ದು ಒಂದು ಈಚಲ ಚಾಪೆ, ಒಂದು ಕಂಬಳಿ, ಬೇರೆ ತಟ್ಟೆ, ಬೇರೆ ಚೊಂಬು. ಬಾಗಿಲಿಗೆ ಅಡ್ಡವಾಗಿ ಒನಕೆ. ಗಾಳಿ ಸೋಕಬಾರದೆಂದು ತಲೆದಿಂಬಿನ ಕೆಳಗೆ ಕಬ್ಬಿಣದ ಚೂರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ಸುರಿದ ಮೆಂತ್ಯದ ಹಿಟ್ಟು ದಿನವೂ ತಿನ್ನಬೇಕು. ಸೊಂಟ ಗಟ್ಟಿಯಾಗಲಿ ಅಂತ. ಐನೋರು ಪಂಚಾಂಗ ತಂದು, ವಾರ ಯಾವುದು, ನಕ್ಷತ್ರ ಯಾವುದು, ಉಟ್ಟ ಬಟ್ಟೆಯ ಬಣ್ಣ ಯಾವುದು, ಮೊದಲು ಕಂಡವರು ಯಾರು ಎಂದು ಕೇಳಿ ಫಲ ಹೇಳಿದರು. ಪ್ರಶ್ನೆಗಳೆಲ್ಲ ನನ್ನ ಬಗ್ಗೆಯೇ, ಕೇಳಿದ್ದು ಅಜ್ಜಿಯನ್ನು.

ಸಂಜೆಯಾದರೆ ಹಬ್ಬ. ಒಂದೊಂದು ದಿನ ಒಂದೊಂದು ಮನೆಯವರು ಆರತಿ ತರುತ್ತಿದ್ದರು. ನನ್ನನ್ನು ಹಸೆಯ ಮೇಲೆ ಕೂರಿಸಿ, ಅರಿಶಿನ ಹಚ್ಚಿ, ಹೂ ಮುಡಿಸಿ, ಉಡಿ ತುಂಬಿ ಸೋಬಾನೆ ಹೇಳುವರು. ಆ ಹೆಂಗಸರಲ್ಲಿ ಹೆಚ್ಚಿನವರಿಗೆ ಓದು ಬರಹವಿಲ್ಲ, ಆದರೆ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಪದ ನಾಲಿಗೆಯ ಮೇಲಿದ್ದವು. ಅಡುಗೆಮನೆಯಲ್ಲಿ ಬಾಯಿ ಬಿಡದ ನಮ್ಮವ್ವ ಅಲ್ಲಿ ಗಟ್ಟಿಯಾಗಿ ನಗುತ್ತಿದ್ದಳು. ಹೆಣ್ಣಿನ ಮೈಯನ್ನು ಮುಚ್ಚುಮರೆಯಿಲ್ಲದೆ ಆಡಿ ಹಾಡುವ ಸ್ವಾತಂತ್ರ್ಯ ಅವರಿಗೆ ಆ ಹನ್ನೊಂದು ದಿನ ಸಿಗುತ್ತಿತ್ತು. ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಆದರೆ ನಾನು ಕೇಳಿದ ಆ ಹಾಡುಗಳಲ್ಲಿ ಮಾವ ತಂದ ಸೊಪ್ಪಿತ್ತು, ತವರಿತ್ತು, ಮುಂದೆ ಬರುವ ಗಂಡನಿದ್ದ, ಹುಟ್ಟಲಿರುವ ಮಗನಿದ್ದ. ಗುಡ್ಲೊಳಗೆ ಕೂತವಳಿಗೆ ಹೆದರಿಕೆಯಾಯಿತೇ, ಯಾರ ಮೇಲಾದರೂ ಸಿಟ್ಟು ಬಂತೇ ಎಂಬ ಒಂದು ಸಾಲೂ ಇರಲಿಲ್ಲ.

ಮೈಗೆ ಏನಾಗಿದೆ ಎಂದು ನನಗೆ ಹೇಳಿದವಳು ಆರತಿ ಹಿಡಿಯುವ ಹಕ್ಕಿಲ್ಲದವಳು. ವಿಧವೆಯಾಗಿ ಮನೆಯಲ್ಲೇ ಇದ್ದ ಸೋದರತ್ತೆ, ಎಲ್ಲರೂ ಮಲಗಿದ ಮೇಲೆ ಲಾಟೀನು ಸಣ್ಣ ಮಾಡಿಕೊಂಡು ಗುಡ್ಲಿನ ಹೊರಗೆ ಬಂದು ಕೂತಳು. ಹಳೆಯ ಸೀರೆಯ ತುಂಡನ್ನು ತನ್ನ ತೊಡೆಯ ಮೇಲೆ ಹರಡಿ, ಹೇಗೆ ಮಡಚಬೇಕು, ಎಷ್ಟು ಹೊತ್ತಿಗೆ ಬದಲಿಸಬೇಕು, ಯಾವ ನೀರಲ್ಲಿ ನೆನೆಸಬೇಕು, ಎಲ್ಲ ತೋರಿಸಿದಳು. “ತಿಂಗಳಾ ತಿಂಗಳಾ ಬರ್ತೈತಿ. ಗಾಯ ಅಲ್ಲವ್ವ ಇದು. ಎಲ್ಲಾರಿಗೂ ಆಗೋದೇ” ಅಂದಳು. ಗಾಯ ಅಲ್ಲ ಅನ್ನುವ ಮಾತಿಗಾಗಿ ನಾನು ಎರಡು ದಿನದಿಂದ ಕಾದಿದ್ದೆ.

ನಮ್ಮದು ಲಿಂಗಾಯತರ ಮನೆ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ: ಹುಟ್ಟಿನದು, ಸಾವಿನದು, ಎಂಜಲಿನದು, ಜಾತಿಯದು, ಮತ್ತು ಮುಟ್ಟಿನದು. ಎಂಟುನೂರು ವರ್ಷಗಳ ಹಿಂದೆ ಇಷ್ಟು ದೊಡ್ಡ ಮಾತನ್ನು ಆಡಿದ ಪರಂಪರೆ ನಮ್ಮದು ಎಂಬ ಹೆಮ್ಮೆ ನನಗಿದೆ. ಆದರೂ ಆ ಹನ್ನೊಂದು ದಿನ, ಕೊರಳಲ್ಲಿ ಇಷ್ಟಲಿಂಗವಿದ್ದ ನನ್ನನ್ನು ದೇವರ ಜಗುಲಿಯ ಹತ್ತಿರ ಬಿಡಲಿಲ್ಲ. ಯಾಕೆಂದು ಅಜ್ಜಿಯನ್ನು ಕೇಳಿದೆ. “ಅದು ಶರಣರ ಮಾತು, ಇದು ಊರ ಮಾತು” ಅಂದಳು. ತತ್ವ ಪುಸ್ತಕದಲ್ಲಿ ಉಳಿದು, ನಡೆ ಹಳೆಯ ದಾರಿಯಲ್ಲೇ ಸಾಗಿದ ಕತೆ ನಮ್ಮೊಬ್ಬರ ಮನೆಯದಲ್ಲ. ಹಾಗಂತ ಮುಟ್ಟಿಗೆ ಮರ್ಯಾದೆ ಕೊಡುವ ನಡೆ ಇಲ್ಲವೆಂದಲ್ಲ: ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿ ಮೂರು ದಿನ ಉಳದೆ ಅಗೆಯದೆ ಅವಳಿಗೆ ಎಣ್ಣೆ ಎರೆಯುವ ಕೆಡ್ಡಸ ತುಳುನಾಡಿನಲ್ಲಿದೆ. ನೆಲಕ್ಕೆ ಸಂದ ಆ ವಿಶ್ರಾಂತಿ, ಆ ಮರ್ಯಾದೆ ಮನೆಯ ಹೆಣ್ಣಿಗೂ ಸಿಗಬೇಕಿತ್ತು.

ಎಚ್.ವಿ. ನಂಜುಂಡಯ್ಯ ಶುರುಮಾಡಿ, ಅವರ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದ ಮೈಸೂರು ಸೀಮೆಯ ಜಾತಿ ಬುಡಕಟ್ಟುಗಳ ಸಂಪುಟಗಳು 1928ರಿಂದ 1935ರೊಳಗೆ ಹೊರಬಂದವು. ಅವುಗಳಲ್ಲಿ ಜಾತಿಯಿಂದ ಜಾತಿಗೆ ಒಸಗೆಯ ಶಾಸ್ತ್ರದ ವಿವರ ಬರುತ್ತದೆ: ಹಸಿರು ಸೊಪ್ಪಿನ ಗುಡ್ಲು, ಸೋದರಮಾವನ ಪಾತ್ರ, ಎಷ್ಟು ದಿನ, ಸ್ನಾನ ಹೇಗೆ. ನಾನು ಅವನ್ನು ಓದಿದಾಗ ನಮ್ಮ ಮಾವನನ್ನೇ ಕಂಡಂತಾಯಿತು. ಅಚ್ಚುಕಟ್ಟಾದ, ಶ್ರದ್ಧೆಯ ಕೆಲಸ. ಆದರೆ ಅಲ್ಲೂ ಹುಡುಗಿಯ ದನಿ ನನಗೆ ಸಿಗಲಿಲ್ಲ.

ಈ ಶಾಸ್ತ್ರ ಊರಿಗೆಲ್ಲ ಸಾರುತ್ತಿದ್ದುದು ಒಂದೇ ಸುದ್ದಿ: ಇವಳು ಈಗ ಮದುವೆಗೆ ಸಿದ್ಧ. ಮೊದಲೇ ಮದುವೆಯಾಗಿದ್ದರೆ, ಗಂಡನ ಮನೆಗೆ ಸಿದ್ಧ. ಬಾಲ್ಯದಲ್ಲೇ ಮದುವೆ ಮಾಡುತ್ತಿದ್ದ ಬ್ರಾಹ್ಮಣರ ಮನೆಗಳಲ್ಲಿ ಮೈನೆರೆದ ಮೇಲೆ ಪ್ರಸ್ತ. ಅಷ್ಟರೊಳಗೆ ಗಂಡ ಸತ್ತಿದ್ದರೆ ತಲೆ ಬೋಳಿಸುವ ಕತ್ತಿ. ಅಂಥ ಬಾಲವಿಧವೆಯೊಬ್ಬಳ ಕತೆ ಹೇಳುವ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂದಾಗ ನಾವು ಹುಡುಗಿಯರು ಸಾಲಾಗಿ ಕಾದು ಓದಿದೆವು. ದಾವಣಗೆರೆ ದಾಟಿ ಹರಪನಹಳ್ಳಿ ಸೀಮೆಗೆ ಕಾಲಿಟ್ಟರೆ ಉಚ್ಚಂಗಿದುರ್ಗ. ಅಲ್ಲಿ ಭರತ ಹುಣ್ಣಿಮೆಗೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ಬಡ ದಲಿತ ಹುಡುಗಿ ಮೈನೆರೆದಳೆಂಬ ಸುದ್ದಿ ಉಳ್ಳವರ ಕಿವಿಗೆ ಬಿದ್ದರೆ ಮುಂದೇನಾಗುತ್ತಿತ್ತು ಎಂಬುದನ್ನು ಇಡೀ ಸೀಮೆ ಬಲ್ಲದು. ಆ ಭಾಗ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1947ರಲ್ಲೊಂದು, ಕರ್ನಾಟಕದಲ್ಲಿ 1982ರಲ್ಲೊಂದು ದೇವದಾಸಿ ನಿಷೇಧ ಕಾಯ್ದೆ ಬಂತು. ಇವತ್ತಿಗೂ ಆ ಹುಣ್ಣಿಮೆಗೆ ಅಲ್ಲಿ ಕಾವಲು ಹಾಕುತ್ತಾರೆ.

ಮದುವೆಯ ವಯಸ್ಸಿನ ಕಾನೂನು ಮೆಲ್ಲಗೆ ನಡೆಯಿತು. ನಮ್ಮೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಸಂಸ್ಥಾನ 1894ರಲ್ಲೇ ಕಾನೂನು ಮಾಡಿ, 8 ವರ್ಷ ತುಂಬದ ಹೆಣ್ಣಿನ ಮದುವೆಯನ್ನೂ, 50 ದಾಟಿದವರು 14ರ ಒಳಗಿನವಳನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. 1929ರ ಶಾರದಾ ಕಾಯ್ದೆ ಹೆಣ್ಣಿಗೆ 14 ಎಂದಿತು. ಅದು ಬ್ರಿಟಿಷರ ಆಳ್ವಿಕೆಯ ಪ್ರದೇಶಕ್ಕೆ. 1949ರಲ್ಲಿ 15 ಆಯಿತು. 1978ರಲ್ಲಿ 18. ಈ ಅಂಕಿಗಳನ್ನು ನಮ್ಮ ಮನೆಗೇ ಹಚ್ಚಿ ನೋಡುತ್ತೇನೆ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ನೆರೆದ ದಿನವೇ ಶಾಲೆ ಬಿಟ್ಟಳು. 15ಕ್ಕೆ ಮದುವೆ, ಕಾನೂನಿನ ಪ್ರಕಾರ ಸರಿಯಾಗಿಯೇ. ನನಗೆ 17 ಇದ್ದಾಗ ಗಂಡು ಗೊತ್ತಾಗುವುದರಲ್ಲಿತ್ತು. ಮಾವ ಪತ್ರಿಕೆಯ ತುಣುಕೊಂದನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದು ಅಪ್ಪನ ಮುಂದೆ ಹಿಡಿದ: “ಭಾವ, ಈಗ ಹದಿನೆಂಟು ಆಗಲೇಬೇಕಂತೆ. ಒಂದು ವರ್ಷ ತಡೀರಿ, ಪಿಯುಸಿ ಮುಗಿಸ್ಲಿ.” ಗುಡ್ಲು ಕಟ್ಟಿದ ಕೈಯೇ ನನ್ನನ್ನು ಓದಿಗೆ ಉಳಿಸಿತು.

ಆ ಒಂದು ವರ್ಷ, ಅದರ ಹಿಂದಿನ ನಾಲ್ಕು ವರ್ಷ, ನಮ್ಮ ವಂಶದ ಯಾವ ಹೆಣ್ಣಿಗೂ ಸಿಕ್ಕಿರಲಿಲ್ಲ. ನಾನು ಹೇಳಬೇಕಾದದ್ದು ಇದನ್ನೇ. ಅಜ್ಜಿಯ ಬಾಯಲ್ಲಿ ಹರೆಯ ಇತ್ತು, ಪ್ರಾಯ ಇತ್ತು. ಹದಿಹರೆಯ ಎಂಬ ಮಾತು ಇರಲಿಲ್ಲ. ಯಾಕೆಂದರೆ ಅಂಥದೊಂದು ಕಾಲವೇ ಇರಲಿಲ್ಲ. ಹನ್ನೊಂದು ದಿನದ ಹಿಂದೆ ಕುಂಟೆಬಿಲ್ಲೆ ಆಡುತ್ತಿದ್ದವಳು ಹನ್ನೆರಡನೆಯ ದಿನ ಹೆಂಗಸು. ಬಿ.ಎಡ್. ಓದುವಾಗ ಸ್ಟ್ಯಾನ್ಲಿ ಹಾಲ್ ಎಂಬ ಅಮೆರಿಕದ ಪಂಡಿತನ ಬಗ್ಗೆ ಪಾಠವಿತ್ತು. ಅವನು 1904ರಲ್ಲಿ ಎರಡು ಸಂಪುಟ ಬರೆದು, ಹದಿಹರೆಯವೆಂದರೆ ಬಿರುಗಾಳಿಯ ಕಾಲ ಅಂದನಂತೆ. 1928ರಲ್ಲಿ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗಿಯರ ಬಗ್ಗೆ ಬರೆದು, ಎಲ್ಲ ಕಡೆ ಹಾಗಿರಬೇಕಿಲ್ಲ ಅಂದಳಂತೆ. ಪರೀಕ್ಷೆಗೆ ಇಬ್ಬರನ್ನೂ ಬರೆದೆ. ಮನಸ್ಸಿನಲ್ಲಿದ್ದವಳು ಅಕ್ಕ. 15ಕ್ಕೇ ಅತ್ತೆಮನೆಯ ಒಲೆಯ ಮುಂದೆ ಕೂತ ಅವಳಿಗೆ ಬಿರುಗಾಳಿ ಇರಲಿಲ್ಲವೇ? ಇತ್ತು. ಹೊಗೆಗೆ ಕಣ್ಣಲ್ಲಿ ನೀರು ಬಂತು ಅನ್ನುತ್ತಿದ್ದಳು, ಎಲ್ಲರೂ ನಂಬುತ್ತಿದ್ದರು.

ಈ ನಡುವಿನ ವರ್ಷಗಳನ್ನು ನಮ್ಮ ಸೀಮೆಗೆ ತಂದುಕೊಟ್ಟದ್ದು ಕಾನೂನೊಂದೇ ಅಲ್ಲ. 1965ರ ಹೊತ್ತಿಗೆ ಭದ್ರಾ ಅಣೆಕಟ್ಟು ಮುಗಿದು ನಾಲೆಯ ನೀರು ಹರಿದು, ಜೋಳ ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು, ಕೈಯಲ್ಲಿ ಕಾಸಾಡಿತು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಈ ಭಾಗದ ಹಳ್ಳಿ ಹಳ್ಳಿಗೆ ಹೈಸ್ಕೂಲು ತಂದರು. ದಾವಣಗೆರೆಯಲ್ಲಿ 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳು ಒಂದೊಂದಾಗಿ ಎದ್ದವು. ಬಸ್ಸುಗಳು ಹೆಚ್ಚಾದವು. ಹಾಗೆ ನೋಡಿದರೆ ನಮ್ಮೂರಿಗೆ ಹದಿಹರೆಯ ಬಂದದ್ದು ಬಸ್ಸಿನಲ್ಲಿ. ನೆರೆದ ಹುಡುಗಿ ಬಸ್ಸು ಹತ್ತುವುದೇ ಎಂದು ಅಪ್ಪ ಒಂದು ತಿಂಗಳು ಮಾತು ಬಿಟ್ಟಿದ್ದ.

2006ರಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಟ್ಟಿತು. ಆಗ ನಾನು ಹಳ್ಳಿಯೊಂದರ ಹೈಸ್ಕೂಲಿನಲ್ಲಿದ್ದೆ. ನೆರೆದವಳು ಬೀದಿಯಲ್ಲಿ ಕುಣಿಯಬಾರದು ಎಂಬ ಸೀಮೆಯಲ್ಲಿ ನೆರೆದ ಹುಡುಗಿಯರು ಹತ್ತು ಹನ್ನೆರಡು ಜನ ಸಾಲುಗಟ್ಟಿ, ದುಪಟ್ಟಾ ಹಿಂದೆ ಗಂಟು ಹಾಕಿಕೊಂಡು, ಬೆಲ್ಲು ಬಾರಿಸುತ್ತ ನಾಲೆ ಏರಿಯ ಮೇಲೆ ಬರುವುದನ್ನು ಶಾಲೆಯ ಗೇಟಿನಲ್ಲಿ ನಿಂತು ನೋಡಿದ್ದೇನೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ವರ್ಷಗಳು ಸಿಕ್ಕವು, ಆ ವರ್ಷಗಳಲ್ಲಿ ಮನಸ್ಸಿಗೇನಾಗುತ್ತದೆ ಎಂದು ಹೇಳುವವರು ಸಿಗಲಿಲ್ಲ. ಸೋಬಾನೆ ಹೇಳುವವರು ಒಬ್ಬೊಬ್ಬರಾಗಿ ತೀರಿಕೊಂಡರು. ನಮ್ಮ ಸೋದರತ್ತೆಯಂತೆ ರಾತ್ರಿ ಬಂದು ಕೂರುವವರೂ ಇರಲಿಲ್ಲ. ಮೊನ್ನೆಯವರೆಗೆ ಮೈಮೇಲೆ ಬಿದ್ದು ಮಾತಾಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಅವ್ವನ ದನಿ ಕೇಳಿದರೆ ಸಿಡುಕುತ್ತಾಳೆ, ಕಾರಣವಿಲ್ಲದೆ ಅಳುತ್ತಾಳೆ, ಕನ್ನಡಿಯಲ್ಲಿ ಕಂಡ ಮೊಡವೆಯೊಂದು ಅವಳಿಗೆ ಜೀವನ್ಮರಣದ ಪ್ರಶ್ನೆಯಾಗುತ್ತದೆ, ಗೆಳತಿ ಬೇರೊಬ್ಬಳ ಪಕ್ಕ ಕೂತರೆ ಊಟ ಬಿಡುತ್ತಾಳೆ. ಮನೆಯವರಿಗೆ ಇದು ಸೊಕ್ಕು. ಅವಳಿಗೂ ತನಗೇನಾಗಿದೆ ತಿಳಿಯದು. ಶಾಲೆಯ ಲೈಬ್ರರಿಗೆ ನಾನು ಡಾ. ಅನುಪಮಾ ನಿರಂಜನರ ‘ಕೇಳು ಕಿಶೋರಿ’ ತರಿಸಿದ್ದೆ. ವೈದ್ಯೆಯಾಗಿದ್ದು, ನಮ್ಮ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡಂತೆ ಬರೆದ ಆ ತಾಯಿಗೆ ಕನ್ನಡನಾಡು ಎಷ್ಟು ಋಣಿಯಾದರೂ ಸಾಲದು. ಆ ಪುಸ್ತಕವನ್ನು ರಿಜಿಸ್ಟರಿನಲ್ಲಿ ಹೆಸರು ಬರೆಸಿ ಒಯ್ಯಲು ನಾಚಿಕೆ. ಬರೆಸದೆ ಒಯ್ಯುತ್ತಿದ್ದರು, ಸದ್ದಿಲ್ಲದೆ ತಂದಿಡುತ್ತಿದ್ದರು. ಮೂರು ವರ್ಷಕ್ಕೆ ಹೊಲಿಗೆ ಬಿಚ್ಚಿ ಹಾಳೆಗಳು ಕೈಗೆ ಬಂದವು. ರಿಜಿಸ್ಟರಿನಲ್ಲಿ ಒಂದು ಹೆಸರೂ ಇಲ್ಲ. ಬಟ್ಟೆಯ ತೊಂದರೆಗೆ 2013ರ ಸುಮಾರಿಗೆ ಶುಚಿ ಯೋಜನೆಯ ಪ್ಯಾಡು ಬಂತು, ಕೊರೊನಾ ಕಾಲಕ್ಕೆ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ಒಳ್ಳೆಯದಾಯಿತು. ಆದರೆ ಪ್ಯಾಕೆಟ್ಟು ಹಂಚುವಾಗ ಹುಡುಗರನ್ನು ಮೈದಾನಕ್ಕೆ ಕಳಿಸುವ ಪದ್ಧತಿಯನ್ನು ನಿಲ್ಲಿಸಲು ನನ್ನ ಸೇವೆ ಮುಗಿಯುವವರೆಗೂ ನನಗೆ ಆಗಲಿಲ್ಲ.

ಹುಡುಗರು. ಅವರ ಬಗ್ಗೆ ಬರೆಯಲು ಇತಿಹಾಸವೇ ಇಲ್ಲವೇನೋ ಅನ್ನಿಸುವಷ್ಟು ಕಡಿಮೆ ಇದೆ. ಬ್ರಾಹ್ಮಣರ ಹುಡುಗನಿಗೆ ಉಪನಯನ, ಜಂಗಮರ ಹುಡುಗನಿಗೆ ದೀಕ್ಷೆ ಉಂಟು. ಒಕ್ಕಲು ಮಕ್ಕಳಿಗೆ ಏನೂ ಇಲ್ಲ. ನಮ್ಮ ಎದುರುಮನೆಯ ಹುಡುಗ ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಶಾಲೆಗೆ ನಡೆದವನು. ನಾನು ಗುಡ್ಲಿನಿಂದ ಹೊರಬಂದ ಮೇಲೆ ನನ್ನನ್ನು ಕಂಡರೆ ಬೇರೆ ಓಣಿಗೆ ತಿರುಗುತ್ತಿದ್ದ. ಅದೇ ವರ್ಷ ಅವನ ದನಿ ಒಡೆಯಿತು, ತುಟಿಯ ಮೇಲೆ ಕಪ್ಪು ಚಿಗುರಿತು, ರಾತ್ರಿ ಗದ್ದೆಗೆ ನೀರು ಹಾಯಿಸಲು ಒಬ್ಬನನ್ನೇ ಕಳಿಸತೊಡಗಿದರು. ಮಾತು ಹಾಗೆ ನಿಂತದ್ದು ನಲವತ್ತು ವರ್ಷ. ಅಪ್ಪ ತೀರಿಕೊಂಡಾಗ ಬಂದು ಕಟ್ಟೆಯ ಮೇಲೆ ಕೂತವನು, ಎಲ್ಲರೂ ಎದ್ದು ಹೋದ ಮೇಲೆ ಹೇಳಿದ: “ಆವತ್ತು ನಿನ್ನ ಒಳಗೆ ಕುಂದ್ರಿಸಿದಾಗ ಏನಾತು ಅಂತ ನನಗ್ಯಾರೂ ಹೇಳಲಿಲ್ಲ ತಂಗಿ. ಹಿಂದಿನ ದಿನ ನಿನ್ನ ದಬ್ಬಿದ್ದೆ, ನೆಪ್ಪೈತಾ? ನಾನೇ ಏನೋ ಮಾಡಿದೀನಿ, ನೀ ಸಾಯ್ತೀಯ ಅಂತ ತಿಳಕೊಂಡಿದ್ದೆ. ನಾಲೆ ದಂಡಿಗೆ ಕುಂತು ಅತ್ತೀನಿ.” ನನಗೆ ಆ ದಬ್ಬಿದ್ದು ನೆನಪೇ ಇರಲಿಲ್ಲ. ಗುಡ್ಲೊಳಗೆ ನಾನು, ನಾಲೆಯ ದಂಡೆಯ ಮೇಲೆ ಅವನು, ಇಬ್ಬರದೂ ಒಂದೇ ಭಯ.

ಹೋದ ವರ್ಷ ದಾವಣಗೆರೆಯ ಕಲ್ಯಾಣ ಮಂಟಪವೊಂದರಲ್ಲಿ ಅಣ್ಣನ ಮೊಮ್ಮಗಳ ಆರತಿ. ಬಾಗಿಲಲ್ಲಿ ಅವಳ ದೊಡ್ಡ ಫ್ಲೆಕ್ಸು, ರೇಷ್ಮೆ ಸೀರೆ, ಬ್ಯೂಟಿ ಪಾರ್ಲರಿನವರು, ಡ್ರೋನು. ವೇದಿಕೆಯ ಮೇಲೆ ಪ್ಲಾಸ್ಟಿಕ್ ಎಲೆಗಳ ಗುಡ್ಲು. ಸೋಬಾನೆ ಮೊಬೈಲಿನಿಂದ ಸ್ಪೀಕರಿಗೆ. ನಾಲ್ಕುನೂರು ಜನರ ಊಟ. ಹುಡುಗಿ ಏಳನೇ ಕ್ಲಾಸು. ಫ್ಲೆಕ್ಸನ್ನು ಕ್ಲಾಸಿನ ಹುಡುಗರು ಫೋಟೋ ತೆಗೆದು ಕಳಿಸಿದ್ದಾರಂತೆ. ಡ್ರೆಸ್ಸಿಂಗ್ ರೂಮಿನ ಚಿಲಕ ಹಾಕಿಕೊಂಡು ಕೂತಿದ್ದಳು. ಅವಳವ್ವ, ಅಜ್ಜಿ, ಫೋಟೋದವರು ಎಲ್ಲರೂ ಬಾಗಿಲು ಬಡಿದು ಸೋತರು. ನಾನು ಹೊರಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದಳು. ಕಾಡಿಗೆ ಕೆನ್ನೆಗಿಳಿದಿತ್ತು. ಪಕ್ಕದಲ್ಲಿ ಕೂತು, ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅಜ್ಜಿ, ನಿನಗೂ ಹಿಂಗೆ ಮಾಡಿದ್ರಾ?” ಅಂದಳು.

“ಮಾಡಿದ್ರವ್ವ. ಹನ್ನೊಂದು ದಿನ.”

“ಅಷ್ಟು ದಿನ ಒಳಗೆ ಕುಂತು ಏನ್ ಯೋಚನೆ ಮಾಡ್ತಿದ್ದೆ?”

ಐವತ್ತು ವರ್ಷದಲ್ಲಿ ಇದನ್ನು ಕೇಳಿದವಳು ಅವಳೊಬ್ಬಳೇ. ನಾನು ಸ್ವಲ್ಪ ಹೊತ್ತು ತಡೆದು, ಹೆಂಚಿನ ಚೂರಿನ ಸುದ್ದಿ ಹೇಳಿದೆ. ಐದನೇ ಮನೆಯಲ್ಲಿ ಬಿಟ್ಟು ಬಂದಿದ್ದೆ, ಯಾರಾದರೂ ಎತ್ತಿಕೊಂಡರೇನೋ ಎಂದು ಹನ್ನೊಂದು ದಿನವೂ ಅದನ್ನೇ ಯೋಚಿಸುತ್ತಿದ್ದೆ ಅಂದೆ. ಅವಳು ನಗಲಿಲ್ಲ. “ಆಮೇಲೆ ಸಿಕ್ತಾ?” ಎಂದು ಕೇಳಿದಳು.